ಗೌತಮಿಯ ಫ್ಲೆಕ್ಸು, ಶಾಲನ್ ವೈನಿಯ ಕೆಂಪು ಬಣ್ಣ

ಹಳೆಯ ವಿದ್ಯಾರ್ಥಿಗೆ ಹೊದಿಸಿದ ಶಾಲಿನಿಂದ ಇವತ್ತಿನವರೆಗೆ ಒಬ್ಬ ಹೊಸ ವಿದ್ಯಾರ್ಥಿಗೂ ಕೆಲಸ ಸಿಕ್ಕಿಲ್ಲ. ಇದು ನಿಮಗೂ ಗೊತ್ತು, ಶಾಲು ಹೊದಿಸುವವರಿಗೂ ಗೊತ್ತು, ಹೊದ್ದುಕೊಂಡು ವೇದಿಕೆಯ ಮೇಲೆ ಬೆವರುವವರಿಗೂ ಗೊತ್ತು. ಗೊತ್ತಿಲ್ಲದವರು ಯಾರಾದರೂ ಇದ್ದರೆ ಅದು ಹಿಂದಿನ ಸಾಲಿನಲ್ಲಿ ಕೂತ ಕಡೆಯ ವರ್ಷದ ಮಕ್ಕಳು. ಎರಡನೆಯ ಭಾಷಣ ಮುಗಿಯುವಷ್ಟರಲ್ಲಿ ಅವರಿಗೂ ಗೊತ್ತಾಗಿರುತ್ತದೆ.

ಕೊಲ್ಹಾಪುರದಲ್ಲಿ ಶಾಲಿನ ಜೊತೆಗೆ ಫೇಟಾ ಬೇರೆ. ಗುಲಾಬಿ ಬಣ್ಣದ ಉದ್ದನೆಯ ಬಟ್ಟೆಯನ್ನು ತಲೆಗೆ ಬಿಗಿದು, ಮೇಲೊಂದು ತುರಾಯಿ ನಿಲ್ಲಿಸುತ್ತಾರೆ. ಕಟ್ಟಿಸಿಕೊಂಡವನ ಕುತ್ತಿಗೆ ತಾನಾಗಿ ಸೆಟೆಯುತ್ತದೆ. ಬಗ್ಗಿದರೆ ಫೇಟಾ ಜಾರುತ್ತದೆ. ಹೀಗಾಗಿ ಎದುರಿಗೆ ಕೂತ ಹುಡುಗ ಹುಡುಗಿಯರ ಮುಖ ನೋಡುವ ತೊಂದರೆ ಅವನಿಗೆ ಇರುವುದಿಲ್ಲ.

ವಿದ್ಯಾಪೀಠದ ಹಳೆಯ ವಿದ್ಯಾರ್ಥಿಗಳು ಸೇರುವ ಮೇಳಾವದ ದಿನ ಶಾಲನ್ ಖೋತ್ ಆ ಫೇಟಾ ಬೇಡ ಅಂದಳು.

"ಕಟ್ಟಸ್ಕೊರಿ ಮ್ಯಾಡಮ್, ಈಗ ಹೆಣ್ಮಕ್ಕಳಿಗೂ ಕಟ್ತೀವಿ. ಫೋಟೋದಾಗ ಎಲ್ಲಾರೂ ಒಂದ ಥರ ಕಾಣಬೇಕ್ರಿ," ಅಂದ ಕಟ್ಟುವವನು.

"ದಿನಾ ಎಂಟು ತಾಸು ಹೆಲ್ಮೆಟ್ ಹೊತ್ತು ತಲಿ ಸಾಕಾಗೇತೋ ಮಾರಾಯಾ. ಹುಡುಗರು ಎಲ್ಲಿ ಕುಂತಾರ, ಅಷ್ಟು ಹೇಳು."

ಶಾಲನ್‌ಗೆ ನಲವತ್ತಾರು ವರ್ಷ. ಶಿರೋಲಿಯ ಕಾರ್ಖಾನೆಗಳ ನಡುವಿನ ಒಂದು ಫೌಂಡ್ರಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಇದ್ದಾಳೆ, ಈಗ ತಪಾಸಣೆಯ ಕೆಲಸ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದು, ಆರಿದ ಮೇಲೆ ಮರಳು ಒಡೆದು ತೆಗೆದ ಪಂಪಿನ ಕವಚ, ಟ್ರಾಕ್ಟರಿನ ಬಿಡಿಭಾಗ ಎಲ್ಲ ಅವಳ ಮುಂದೆ ಸಾಲುಗಟ್ಟಿ ಬರುತ್ತವೆ. ಅವಳ ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ. ಬಡಿದರೆ ಟಣ್ ಎನ್ನಬೇಕು, ಅಂದರೆ ಪಾಸು. ದಬ್ ಎಂದರೆ ಒಳಗೆಲ್ಲೋ ಬಿರುಕು. ಕುಂಚ ಅದ್ದಿ ಕೆಂಪು ಬಳಿಯುತ್ತಾಳೆ. ಕೆಂಪು ಬಿದ್ದ ಮಾಲು ಮತ್ತೆ ಕುಲುಮೆಗೆ. ಯಾರ ಪಾಳಿಯದು, ಯಾರ ಕೈತಪ್ಪು, ಮಾಲೀಕರ ಭಾವಮೈದುನ ಹೊಯ್ಸಿದ್ದೇ ಎಂಬುದನ್ನೆಲ್ಲ ಅವಳು ಕೇಳುವುದಿಲ್ಲ. ಕೆಲಸಗಾರರು ಎದುರಿಗೆ ಶಾಲನ್ ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ, ಬೆನ್ನ ಹಿಂದೆ ಕೆಂಪು ವೈನಿ. ಮನೆಯಲ್ಲಿ ಅಡುಗೆ ಮಾಡುವ ಗಂಡ, ಆಮಟಿ ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಅವಳನ್ನು ಕೇಳುವುದನ್ನು ಬಿಟ್ಟು ಹದಿನೈದು ವರ್ಷವಾಯಿತು.

ಅವಳೂ ಒಮ್ಮೆ ಆ ಹಿಂದಿನ ಸಾಲಿನಲ್ಲಿ ಕೂತಿದ್ದವಳೇ. ರಸಾಯನಶಾಸ್ತ್ರದ ಕಡೆಯ ವರ್ಷ. ಪುಣೆಯಿಂದ ಒಬ್ಬ ಹಳೆಯ ವಿದ್ಯಾರ್ಥಿ ಬಂದು, ಫೇಟಾ ಕಟ್ಟಿಸಿಕೊಂಡು, ದೊಡ್ಡ ಕನಸು ಕಾಣಿರಿ ಎಂದು ಮುಕ್ಕಾಲು ಗಂಟೆ ಹೇಳಿ, ಕಡೆಗೆ ಮುಂದಿನ ಸಾಲಿಗೆ ತನ್ನ ಕಾರ್ಡು ಹಂಚಿದ್ದ. ಹಂಚಿ ಮಿಕ್ಕಿದ್ದೊಂದು ಹಿಂದಿನ ಸಾಲಿಗೆ ಬಂತು. "ಯಾವಾಗ ಬೇಕಾದರೂ ಬನ್ನಿ" ಅಂದಿದ್ದ. ಶಾಲನ್ ಅದನ್ನು ನಿಜ ಅಂತ ನಂಬಿದಳು. ಇಪ್ಪತ್ತೆರಡು ವರ್ಷದ ಹುಡುಗಿ ಇನ್ನೇನು ಮಾಡಿಯಾಳು? ಕೆಂಪು ಬಸ್ಸು ಹಿಡಿದು ಮೂರು ಸಲ ಪುಣೆಗೆ ಹೋದಳು. ಮೂರು ಸಲವೂ ಸಾಹೇಬರು ಹೊರಗೆ ಹೋಗಿದ್ದರು. ಮೂರನೆಯ ಸಲ ಮಾತ್ರ, ಹೊರಗೆ ಹೋಗಿದ್ದ ಸಾಹೇಬರು ಒಳಗೆ ಕಿಟಕಿಯ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು.

ಕೆಲಸ ಅವಳಿಗೆ ಕೊನೆಗೆ ಸಿಕ್ಕಿದ್ದು ಶಿರೋಲಿಯಲ್ಲಿ, ಇದೇ ಫೌಂಡ್ರಿಯ ಮರಳಿನ ಲ್ಯಾಬಿನಲ್ಲಿ ದಫ್ತರ ಬರೆಯಲಿಕ್ಕೆ. ಅಲ್ಲಿ ರಸೂಲ್ ಮುಜಾವರ್ ಎಂಬ ಮುದುಕ ಅಚ್ಚು ಕಟ್ಟುತ್ತಿದ್ದ. ಕಾಲೇಜು ಇರಲಿ, ಶಾಲೆಯ ಕಟ್ಟೆಯನ್ನೂ ಹತ್ತಿದವನಲ್ಲ. ಒಂದು ದಿನ ಅವಳನ್ನು ಕರೆದು, ಒಂದು ಹಿಡಿ ಮರಳು ಮುಷ್ಟಿಯಲ್ಲಿ ಹಿಸುಕಿ, ಉಂಡೆಯನ್ನು ಎರಡಾಗಿ ಮುರಿದು ತೋರಿಸಿದ. "ನೋಡು ಬೇಟಿ. ಕೈಗೆ ಅಂಟ್ತು ಅಂದ್ರ ನೀರು ಹೆಚ್ಚು. ಉದುರ್ತು ಅಂದ್ರ ಕಮ್ಮಿ. ಹಿಂಗ, ಬಿಸ್ಕೀಟ್ ಮುರದಂಗ ಮುರೀಬೇಕು. ನಿನ್ನ ಮಿಷನ್ ಹೇಳಾಕ ಅರ್ಧ ತಾಸು ತಗೋತೈತಿ, ನನ್ನ ಮುಷ್ಟಿಗೆ ಅರ್ಧ ನಿಮಿಷ. ಎರಡೂ ಕಲಿ." ಊಟದ ಬಿಡುವಿನಲ್ಲಿ ಎಂಟು ತಿಂಗಳು ಕಲಿಸಿದ. ಅವನಿಗೆ ಯಾರೂ ಶಾಲು ಹೊದಿಸಲಿಲ್ಲ. ಸತ್ತ ಮೇಲೆ ಹೊದಿಸಿದ್ದು ಶಾಲಲ್ಲ.

ಪುಣೆಯ ಸಾಹೇಬರ ಕಾರ್ಡನ್ನು ಶಾಲನ್ ಎಸೆಯಲಿಲ್ಲ. ಲ್ಯಾಬಿನ ತೂಕದ ಮೇಜಿಗೆ ಒಂದು ಕಾಲು ಗಿಡ್ಡ. ನಾಲ್ಕು ಮಡಿಕೆ ಮಾಡಿ ಅದರ ಕೆಳಗಿಟ್ಟಳು. ಇವತ್ತಿಗೂ ಅಲ್ಲೇ ಇದೆ. ಮೇಜು ಅಲುಗಿಲ್ಲ.

ಇಂಥವಳನ್ನು ಮಾರ್ಗದರ್ಶಕಿ ಎಂದು ಕರೆದದ್ದು ಯಾರ ಒಳ್ಳೆಯತನವೂ ಅಲ್ಲ. ವಿದ್ಯಾಪೀಠಕ್ಕೆ ದರ್ಜೆ ಕೊಡುವ ಸಮಿತಿ ಬರುವುದಿತ್ತು. 'ಹಳೆಯ ವಿದ್ಯಾರ್ಥಿಗಳು ಕಡೆಯ ವರ್ಷದವರಿಗೆ ವೃತ್ತಿ ಮಾರ್ಗದರ್ಶನ ಮಾಡುತ್ತಾರೆಯೇ?' ಎಂಬ ಕಾಲಮ್ಮಿಗೆ ಮೂವತ್ತು ಹೆಸರು ಬೇಕಿತ್ತು, ಅದರಲ್ಲಿ ಹತ್ತಾದರೂ ಹೆಂಗಸರು. ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷರು ಉದಯಸಿಂಹ ಇಂಗವಳೆ, ಊರಿಗೆಲ್ಲ ಉದಯದಾದಾ. ಒಂದು ಪೆಟ್ರೋಲ್ ಪಂಪು, ಎರಡು ಕಲ್ಯಾಣಮಂಟಪ, ಮುಂದಿನ ಚುನಾವಣೆಗೆ ನಿಲ್ಲುವ ಆಸೆ. ಗಣಪತಿಗೆ, ದೀಪಾವಳಿಗೆ, ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಫ್ಲೆಕ್ಸು ಹಾಕಿಸಿ, ಅದರಲ್ಲಿ ಗಣಪತಿಗಿಂತ ದೊಡ್ಡದಾಗಿ ನಿಂತಿರುತ್ತಾರೆ.

ಮೂವತ್ತು ಮಾರ್ಗದರ್ಶಕರಲ್ಲಿ ಒಬ್ಬ ಬೆಳಿಗ್ಗೆ ನಾಲ್ಕಕ್ಕೆ ಏಳಿ ಎಂದು ಹೇಳಿ ಹೋದ. ಒಬ್ಬ ತನ್ನ ಪಾಲಿಗೆ ಬಂದ ಐದು ವಿದ್ಯಾರ್ಥಿಗಳಿಗೂ ವಿಮೆಯ ಫಾರಮ್ಮು ಕೊಟ್ಟ. ಒಬ್ಬ ತನ್ನವರನ್ನು ವಾಟ್ಸಾಪ್ ಗುಂಪಿಗೆ ಸೇರಿಸಿ ದಿನಾ ಸೂರ್ಯೋದಯದ ಚಿತ್ರ ಕಳಿಸಿದ. ಶಾಲನ್ ತನ್ನ ಪಾಲಿನ ಐವರನ್ನು ಕ್ಯಾಂಟೀನಿಗೆ ಕರೆದೊಯ್ದು, ವಡಾ ಪಾವ್ ಹೇಳಿ, ಅವರ ಬಯೋಡಾಟಾ ಈಸಿಕೊಂಡಳು. ಐದೂ ಒಂದೇ. 'ಹವ್ಯಾಸ: ಓದು, ಸಂಗೀತ, ಪ್ರವಾಸ. ದೌರ್ಬಲ್ಯ: ಅತಿಯಾಗಿ ಕೆಲಸ ಮಾಡುವುದು.'

"ಇದನ್ನ ಬರದಾವ್ರು ಯಾರು?"

ಐವರೂ ಮುಖ ಮುಖ ನೋಡಿಕೊಂಡರು. ಒಬ್ಬ ಹೇಳಿದ, "ಗೇಟಿನ ಮುಂದಿನ ಜೆರಾಕ್ಸ್ ಅಂಗಡಿ ಕಾಕಾರಿ. ಹೆಸರು ಅಷ್ಟ ಬದಲಾಯಿಸಿ ಕೊಡ್ತಾರ."

"ಹಂಗಾರ ಕೆಲಸ ಆ ಕಾಕಾಗ ಕೊಡಬೇಕು ನೋಡು. ಅತಿಯಾಗಿ ಕೆಲಸ ಮಾಡಾವ ಅವನೊಬ್ಬನ." ಪರ್ಸಿನಿಂದ ಕೆಂಪು ಸೀಮೆಸುಣ್ಣ ತೆಗೆದು ಐದಕ್ಕೂ ಅಡ್ಡಗೆರೆ ಎಳೆದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡಿದಿ, ಹೇಳು."

ನಾಲ್ವರು ಹೇಳಿದರು. ಐದನೆಯವಳು ಗೌತಮಿ ಸುತಾರ್, ಶಿಂಗಣವಾಡಿಯ ಬಡಗಿಯ ಮಗಳು, ತಟ್ಟೆಯಲ್ಲಿದ್ದ ಹಸಿಮೆಣಸಿನಕಾಯಿ ನೋಡುತ್ತಾ ಕೂತಿದ್ದಳು.

"ಏನೂ ಇಲ್ರಿ ಮ್ಯಾಡಮ್. ಐದಕ್ಕ ಎದ್ದು ಡೇರಿಗಿ ಹೋದೆ. ಆಮ್ಯಾಲೆ ಬಸ್ಸು."

"ಡೇರಿಗಿ ಯಾಕ? ಹಾಲು ಹಾಕಾಕ?"

"ಇಲ್ರಿ. ಹಾಲು ನೋಡಾಕ. ಊರ ಡೇರಿಯೊಳಗ ಹಾಲಿನ್ಯಾಗ ಕೊಬ್ಬು ಎಷ್ಟೈತಿ ಅಂತ ಫ್ಯಾಟ್ ತಗ್ಯೂದು ನಂದ ಕೆಲಸ. ಆರು ವರ್ಷ ಆತ್ರಿ."

"ದಿನಾ ಎಷ್ಟು ಮಂದಿ ಹಾಲು?"

"ನೂರಾ ಎಪ್ಪತ್ತು, ನೂರಾ ಎಂಬತ್ತು ಸ್ಯಾಂಪಲ್ ಆಗ್ತಾವ್ರಿ."

"ಜಗಳ?"

ಗೌತಮಿ ಮೊದಲ ಸಲ ನಕ್ಕಳು. "ದಿನಾ ಇರ್ತೈತ್ರಿ. ಫ್ಯಾಟ್ ಹೆಚ್ಚಿದ್ರ ರೊಕ್ಕ ಹೆಚ್ಚಲ್ರಿ, ಕ್ಯಾನು ತಂದು ಸುಮ್ಮನ ಇಡ್ತಾರ, ಕೆನಿ ಮ್ಯಾಲೆ ಬರ್ತೈತಿ, ಸ್ಯಾಂಪಲ್ ಮ್ಯಾಲಿಂದ ತಗೀಲಿ ಅಂತ. ನಾ ಮೊದಲ ತಿರುವ್ರಿ ಅಂತೀನಿ. ಸರಪಂಚ ಕಾಕಾ ಬೈತಾರ, ನಿಮ್ಮಪ್ಪ ನನ್ನ ಮನಿ ಬಾಗಲಾ ಮಾಡಿದಾಂವ, ನನ್ನ ಹಾಲು ತಿರುವಂತಿಯೇನ ಅಂತ. ನಾ ತಿರುವಿನ ತಗೀತೀನ್ರಿ."

ಶಾಲನ್ ಬಯೋಡಾಟಾ ಎತ್ತಿ ಮೇಜಿಗೆ ಬಡಿದಳು. "ಆರು ವರ್ಷ ದಿನಾ ನೂರಾ ಎಂಬತ್ತು ಸ್ಯಾಂಪಲ್ ತಗದು, ಸರಪಂಚನ ಕೂಡ ಗುದ್ದಾಡಿ, ಇಲ್ಲಿ ಸಂಗೀತ ಅಂತ ಬರದಿಯೇನ ಹುಚ್ಚಿ? ಯಾವ ಸಂಗೀತ? ಎಮ್ಮಿ ಕೂಗೂದಾ?"

"ಹಾಲಿನ ಕೆಲಸ ಬರದ್ರ ಹಳ್ಯಾಕಿ ಅಂತಾರಂತ್ರಿ. ಜೆರಾಕ್ಸ್ ಕಾಕಾ ಹೇಳಿದ್ರು."

ಇಲ್ಲಿ ಸ್ವಲ್ಪ ನಿಲ್ಲೋಣ. ಮೂರು ವರ್ಷ ಒಂದು ವಿದ್ಯಾಪೀಠ ಈ ಹುಡುಗಿಗೆ ಪಾಠ ಹೇಳಿತು. ನಲವತ್ತು ಅಧ್ಯಾಪಕರು, ಒಂದು ಉದ್ಯೋಗ ಮಾರ್ಗದರ್ಶನ ಕೋಣೆ, ಅದಕ್ಕೊಂದು ಹವಾನಿಯಂತ್ರಣ ಯಂತ್ರ. ಅವರಲ್ಲಿ ಒಬ್ಬರಿಗೂ, ಬೆಳಿಗ್ಗೆ ಇವಳ ಕೈಗೆ ಹಾಲಿನ ವಾಸನೆ ಯಾಕಿರುತ್ತದೆ ಎಂದು ಕೇಳಬೇಕು ಅನಿಸಲಿಲ್ಲ. ಅವಳ ಬದುಕಿನ ಬಗ್ಗೆ ಕಡೆಯ ತೀರ್ಪು ಕೊಟ್ಟವನು ಜೆರಾಕ್ಸ್ ಅಂಗಡಿಯವನು. ಅವನ ಮೇಲೆ ಸಿಟ್ಟಿಲ್ಲ, ಕೇಳಿದವನು ಅವನೊಬ್ಬನಾದರೂ ಇದ್ದ.

ಶಾಲನ್‌ಗೆ ಗೊತ್ತಿತ್ತು, ಪಕ್ಕದ ರಸ್ತೆಯ ಇನ್ನೊಂದು ಫೌಂಡ್ರಿಯಲ್ಲಿ ಮರಳಿನ ಲ್ಯಾಬಿಗೆ ಒಂದು ಜಾಗ ಖಾಲಿ ಆಗುವುದಿದೆ. ತನ್ನ ಕಾರ್ಖಾನೆಯಲ್ಲೂ ಸೇರಿಸಬಹುದಿತ್ತು, ಆದರೆ ಅದು ವಶೀಲಿ ಆಗುತ್ತದೆ. "ನಿನಗ ನಾ ಶಿಫಾರಸು ಮಾಡಾಂಗಿಲ್ಲ. ಕಲಸ್ತೀನಿ, ಅಷ್ಟ," ಅಂದಳು. ಗೌತಮಿ ಹೂಂ ಅಂದಳು. ಅವಳಿಗೆ ಆ ಕೆಲಸ ಬೇಕೇ ಬೇಕಿತ್ತು. ಪರೀಕ್ಷೆ ಮುಗಿದ ಮರುತಿಂಗಳು ಸಾಂಗ್ಲಿ ಕಡೆಯಿಂದ ಹುಡುಗನ ಮನೆಯವರು ನೋಡಲು ಬರುವವರಿದ್ದರು. ಅಪ್ಪ ಕೆಟ್ಟವನಲ್ಲ, "ಕೆಲಸ ಸಿಕ್ಕರ ತಡ್ಯೋಣ, ಸಿಗದಿದ್ರ ಮನ್ಯಾಗ ಕುಂದ್ರಿಸಿ ಏನು ಮಾಡ್ಲಿ?" ಅಂದಿದ್ದ. ಕೊಲ್ಹಾಪುರದ ನೂರಾರು ಅಪ್ಪಂದಿರು ಇದನ್ನೇ ಅನ್ನುತ್ತಾರೆ, ಪಾಪ, ಇದಕ್ಕಿಂತ ಹೆಚ್ಚಿನದು ಅವರಿಗೂ ಯಾರೂ ಹೇಳಿಕೊಟ್ಟಿಲ್ಲ.

ನಾಲ್ಕು ವಾರ, ಪ್ರತಿ ರಜೆಯ ದಿನ, ಶಾಲನ್ ಮನೆಯ ಅಂಗಳದಲ್ಲಿ ಪಾಠ. ಬಕೀಟಿನಲ್ಲಿ ಫೌಂಡ್ರಿಯ ಕಪ್ಪು ಮರಳು. ಮೊದಲು ರಸೂಲ್ ಚಾಚಾನ ಮುಷ್ಟಿ, ಆಮೇಲೆ ತಕ್ಕಡಿ. ತೂಗು, ಒಣಗಿಸು, ಮತ್ತೆ ತೂಗು, ಎಷ್ಟು ನೀರಿತ್ತು ಹೇಳು. ನೀರು ಹೆಚ್ಚಾದರೆ ಕಾದ ಕಬ್ಬಿಣ ಬಿದ್ದಾಗ ಆವಿಯೆದ್ದು ಎರಕದ ತುಂಬ ಗುಳ್ಳೆ. ಕಡಿಮೆಯಾದರೆ ಅಚ್ಚೇ ಕುಸಿಯುತ್ತದೆ. ಗೌತಮಿ ತಪ್ಪಿದಾಗಲೆಲ್ಲ ಶಾಲನ್ ಅವಳ ಅಂಗೈ ಹಿಂಭಾಗಕ್ಕೆ ಸೀಮೆಸುಣ್ಣದಿಂದ ಒಂದು ಕೆಂಪು ಗೆರೆ ಎಳೆಯುತ್ತಿದ್ದಳು. ಮೊದಲ ವಾರ ಕೈಯೆಲ್ಲ ಮದರಂಗಿ ಹಾಕಿದಂತೆ. "ಮದಿವಿ ಹುಡುಗಿ ಆದೆಲ್ಲ ಈಗ್ಲೇ," ಎಂದು ಒಳಗಿನಿಂದ ಚಹಾ ತಂದ ಗಂಡ ನಕ್ಕ. ನಾಲ್ಕನೆಯ ವಾರ ಒಂದೂ ಗೆರೆಯಿಲ್ಲ. ಮುಷ್ಟಿಯಲ್ಲಿ ಮುರಿದು ಅವಳು ಹೇಳಿದ ಲೆಕ್ಕ, ತಕ್ಕಡಿ ಹೇಳಿದ್ದಕ್ಕೆ ಸಾಸಿವೆಯಷ್ಟು ದೂರ.

ಆಗ ಶಾಲನ್ ಬಾಯಿ ಜಾರಿತು. ಇಪ್ಪತ್ತನಾಲ್ಕು ವರ್ಷ ಬಿಸಿ ಮಾಲನ್ನು ಮುಟ್ಟಿಯೂ ನೋಡದ ಹೆಂಗಸು ಖುಷಿಯ ಭರದಲ್ಲಿ ಅಂದಳು, "ಶುಕ್ರವಾರ ಹತ್ತಕ್ಕ ಪರೀಕ್ಷಾ. ಹೋಗು, ನಿನ್ನ ಕೆಲಸ ಆದಂಗ ತಿಳಿ."

ಸೋಮವಾರ ಸಂಜೆ ಗೌತಮಿ ಅದನ್ನು ಅಪ್ಪನಿಗೆ ಹೇಳಿದಳು. ಅಪ್ಪ ಬಾಳು ಸುತಾರ್ ಮಂಗಳವಾರ ಬೆಳಿಗ್ಗೆ ಡೇರಿಯ ಕಟ್ಟೆಯಲ್ಲಿ ಹೇಳಿದ. 'ಆದಂಗ' ಅನ್ನುವುದು ಮನೆಯಿಂದ ಡೇರಿಗೆ ಬರುವ ದಾರಿಯಲ್ಲಿ 'ಆತು' ಆಗಿತ್ತು. ತಡೆಯಲಾರದೆ ಅವನು ನಲವತ್ತು ಮನೆಗೆ ಪೇಢೆ ಹಂಚಿದ. ಪೇಢೆ ತಿಂದವರಲ್ಲಿ ಉದಯದಾದಾರ ಹಿಂದೆ ಮುಂದೆ ಓಡಾಡುವ ಹುಡುಗರಿದ್ದರು. ಈ ಸೀಮೆಯಲ್ಲಿ ಯಾರಿಗಾದರೂ ಸಿಪಾಯಿ ಕೆಲಸ ಸಿಕ್ಕರೂ ಚೌಕದಲ್ಲಿ ಅಭಿನಂದನೆಯ ಫ್ಲೆಕ್ಸು ಏಳುತ್ತದೆ. ಆದೇಶದ ಕಾಗದ ಆಮೇಲೆ ಬರುತ್ತದೆ, ಬಂದರೆ. ಬುಧವಾರ ಬೆಳಗಾಗುವಷ್ಟರಲ್ಲಿ ಶಿಂಗಣವಾಡಿಯ ಚೌಕದಲ್ಲಿ ಹದಿನೈದು ಅಡಿಯ ಫ್ಲೆಕ್ಸು ನಿಂತಿತ್ತು: 'ನಮ್ಮೂರ ಸುಕನ್ಯೆ ಗೌತಮಿ ಸುತಾರ್, ಪ್ರಸಿದ್ಧ ಫೌಂಡ್ರಿಯಲ್ಲಿ ಅಧಿಕಾರಿಯಾಗಿ ನೇಮಕ. ಹಾರ್ದಿಕ ಅಭಿನಂದನೆ! ಮಾರ್ಗದರ್ಶಕರು: ಸನ್ಮಾನ್ಯ ಉದಯದಾದಾ.' ದಾದಾ ಎದೆಯ ಮೇಲೆ ಕೈಕಟ್ಟಿ ನಿಂತಿದ್ದರು, ಫೇಟಾ ಸಮೇತ. ಗೌತಮಿಯ ಮುಖ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಎಲ್ಲಕ್ಕೂ ಕೆಳಗೆ ಕಾರ್ಖಾನೆಯ ಹೆಸರು ಮಾತ್ರ ದಪ್ಪಕ್ಷರದಲ್ಲಿತ್ತು.

ಹಲಗಿ ಬಾರಿಸಿದರು, ಗುಲಾಲು ಎರಚಿದರು, ಫೋಟೋ ತೆಗೆದು ಎಲ್ಲರ ಫೋನಿಗೂ ಹಾಕಿದರು. ಮಧ್ಯಾಹ್ನಕ್ಕೆ ಅದು ಆ ಕಾರ್ಖಾನೆಯ ನೇಮಕಾತಿ ಅಧಿಕಾರಿ ಸಬ್ನೀಸರ ಫೋನಿನಲ್ಲಿತ್ತು. ಆ ಹುಡುಗಿಗೆ ಮರಳು ಕಲಿಸುತ್ತಿರುವವಳು ಯಾರೆಂದು ಶಿರೋಲಿಗೆಲ್ಲ ಗೊತ್ತಿತ್ತು, ಅವರು ನೇರ ಶಾಲನ್‌ಗೆ ಫೋನು ಹಚ್ಚಿದರು.

"ಏನ್ರೀ ಶಾಲನ್ ವೈನಿ," ಅಂದರು ಸಬ್ನೀಸ್, "ನಮ್ಮ ಕಾರ್ಖಾನಿಗೆ ಮಂದಿ ತಗೊಳ್ಳೂದು ಈಗ ಶಿಂಗಣವಾಡಿ ಚೌಕದಾಗಂತ? ನಮಗ ತಿಳಸೂದಲ್ಲೇನ್ರಿ, ನಾವೂ ಪೇಢೆ ತಿನ್ನಾಕ ಬರ್ತಿದ್ವಿ."

"ಸಾಹೇಬರ, ಆ ಹುಡುಗಿದು ಏನೂ ತಪ್ಪಿಲ್ರಿ..."

"ತಪ್ಪು ಯಾರದರ ಇರಲಿ. ಇನ್ನೂ ಹನ್ನೊಂದು ಮಂದಿ ಪರೀಕ್ಷಾಕ್ಕ ಬರಾವ್ರು ಅದಾರ. ಅವರು ಕೇಳಿದ್ರ ನಾ ಏನು ಹೇಳ್ಲಿ, ಮೊದಲ ಠರಾವ್ ಆಗೇತಿ ಅಂತಲಾ? ಆಕಿಗೆ ಬರಬ್ಯಾಡ ಅಂತ ಹೇಳಿಬಿಡ್ರಿ." ಫೋನು ಇಟ್ಟರು.

ಶಾಲನ್ ಸುತ್ತಿಗೆ ಕೆಳಗಿಟ್ಟಳು. ಆ ಪಾಳಿಯಲ್ಲಿ ಇಪ್ಪತ್ತು ನಿಮಿಷ ಒಂದೂ ಮಾಲು ಮುಂದೆ ಹೋಗಲಿಲ್ಲ. ಕೆಲಸಗಾರರಿಗೆ ಅಚ್ಚರಿ. ಆರದ ಎರಕಕ್ಕೆ ಪಾಸು ಹಾಕಿದ್ದು ತಾನೇ ಎಂದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ತಪಾಸಣೆಯ ಬೇರೆ ಯಾರಾದರೂ ಹೀಗೆ ಪಾಸು ಹಾಕಿದ್ದರೆ ಲ್ಯಾಬಿನ ಬೋರ್ಡಿನ ಮೇಲೆ ಅವರ ಹೆಸರು ಬರೆಯುತ್ತಿದ್ದಳು.

ಆಮೇಲೆ ಉದಯದಾದಾಗೆ ಫೋನು ಹಚ್ಚಿದಳು. ದಾದಾ ನಕ್ಕರು. ಅವರು ಯಾವಾಗಲೂ ಮೊದಲು ನಗುತ್ತಾರೆ.

"ಅಯ್ಯ, ಇಷ್ಟಕ್ಕ ಯಾಕ ಬಿಪಿ ಏರಿಸ್ಕೊಂತೀರಿ ವೈನಿ? ಆ ಕಾರ್ಖಾನಿ ಮಾಲೀಕ ನನ್ನ ಬ್ಯಾಚಿನಾಂವ. ಒಂದ ಫೋನ್. ಸಬ್ನೀಸ ತಾನ ಗೇಟಿಗೆ ಬಂದು ಕರಕೊಂಡು ಹೋಗ್ತಾನ. ಫ್ಲೆಕ್ಸು ಖರೇ ಮಾಡೂದು ಎಷ್ಟರ ಕೆಲಸ?"

"ಪರೀಕ್ಷಾ?"

"ಪರೀಕ್ಷಾ ಯಾಕ ಬೇಕ್ರಿ? ಕೆಲಸ ಸಿಕ್ಕ ಮ್ಯಾಲೆ. ಮುಂದಿನ ತಿಂಗಳ ನಮ್ಮ ಸಭಾ ಐತಿ, ಆಕಿ ಬಂದು ಎರಡು ಮಾತಾಡಿದ್ರ ಸಾಕು. ದಾದಾನಿಂದ ಆತು ಅಂತ."

ಶಾಲನ್ ಆ ಸಂಜೆಯೇ ಶಿಂಗಣವಾಡಿಗೆ ಹೋದಳು. ಚೌಕದಲ್ಲಿ ಇಳಿದಾಗ ದಾದಾ ಮೇಲಿಂದ ಕೈಕಟ್ಟಿ ನೋಡುತ್ತಿದ್ದರು. ಸುತಾರರ ಮನೆಯ ಪಡಸಾಲೆಯಲ್ಲಿ ಅರ್ಧ ಕೆತ್ತಿದ ಬಾಗಿಲ ಚೌಕಟ್ಟು, ಮೂಲೆಯಲ್ಲಿ ಖಾಲಿ ಪೇಢೆ ಡಬ್ಬಿಗಳು. ಯಾವುದನ್ನೂ ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುವುದಿಲ್ಲ. ಸಬ್ನೀಸರು ಅಂದದ್ದು, ದಾದಾ ಅಂದದ್ದು, ಎರಡನ್ನೂ ಹೇಳಿದಳು.

"ತಪ್ಪು ನಂದು. ಕೆಲಸ ಆದಂಗ ಅನ್ನಬಾರದಿತ್ತು. ಈಗ ದಾರಿ ಎರಡು ಅದಾವ. ದಾದಾ ಫೋನ್ ಮಾಡಿದ್ರ ನಾಡಿದ್ದು ನಿನಗ ಕುರ್ಚಿ ಸಿಗತೈತಿ. ಇಲ್ಲಾಂದ್ರ ಫ್ಲೆಕ್ಸು ಇಳಿಸಿ, ಶುಕ್ರವಾರ ಹೋಗಿ ಗೇಟಿನ್ಯಾಗ ನಿಂದರಬೇಕು. ಬಿಟ್ಟರ ಬಿಟ್ಟರು. ಬಿಡದಿದ್ರ ಇಲ್ಲ. ಊರು ನಗತೈತಿ, ಅದು ಮಾತ್ರ ಖಾತ್ರಿ."

ಬಾಳು ಸುತಾರ್ ಉಳಿಯ ತುದಿ ಸವರುತ್ತಾ ಕೂತಿದ್ದ. "ಮ್ಯಾಡಮ್, ನಲವತ್ತು ಮನಿ ಪೇಢೆ ತಿಂದಾವ. ಈಗ ಅದನ್ನ ಇಳಿಸಿದ್ರ ನಾ ಯಾವ ಮಾರಿ ತಗೊಂಡು ಮಂದಿ ಮನಿಗೆ ಬಾಗಲಾ ಕುಂದ್ರಸಾಕ ಹೋಗ್ಲಿ? ಒಂದು ಫೋನ್ ಮಾಡಿದ್ರ ಏನು ಹೋಗತೈತ್ರಿ? ಎಲ್ಲಾರೂ ಮಾಡಸ್ತಾರ."

ಅವನು ಅಂದದ್ದು ಸುಳ್ಳಲ್ಲ. ಎಲ್ಲರೂ ಮಾಡಿಸುತ್ತಾರೆ. ಆ ಮನೆಯ ಮದುವೆಯ ದಿನ ದೂಡುವ ಶಕ್ತಿ ಶಾಲನ್ ಸುತ್ತಿಗೆಗಿಲ್ಲ.

ಮಾತಾಡಿದವಳು ಗೌತಮಿ. "ಅಪ್ಪಾ, ಆರು ವರ್ಷ ಸರಪಂಚ ಕಾಕಾನ ಕ್ಯಾನು ತಿರುವೀನಿ. ನಾಳೆ ದಾದಾನ ಫೋನಿನ ಮ್ಯಾಲೆ ನಾ ಕೆಲಸಕ್ಕ ಹೋದೆ ಅಂದ್ರ, ನಾಡಿದ್ದು ಕಾಕಾ ಅಂತಾನ, ನೀ ನಿನ್ನ ಕೆನಿ ಮ್ಯಾಲಿಂದ ತಗೊಂಡಿ, ನನ್ನ ಹಾಲು ಯಾಕ ತಿರುವ್ತಿ? ಅವಂಗ ನಾ ಏನು ಹೇಳ್ಲಿ?"

ಬಾಳು ಸುತಾರ್ ಉಳಿ ಕೆಳಗಿಟ್ಟ. "ಏಣಿ ನಂದ ಐತಿ," ಅಂದ, ಸಿಟ್ಟಿನಿಂದಲೇ. "ನಾ ಹಿಡೀತೀನಿ. ಹತ್ತಾಕ ನೀ ಹತ್ತು."

ಗುರುವಾರ ಬೆಳಿಗ್ಗೆ, ಕ್ಯಾನು ಹಿಡಿದು ಡೇರಿಗೆ ಬಂದ ಅರ್ಧ ಊರಿನ ಎದುರು, ಗೌತಮಿ ಏಣಿ ಹತ್ತಿ ತನ್ನ ಅಭಿನಂದನೆಯನ್ನು ತಾನೇ ಕತ್ತರಿಸಿ ಇಳಿಸಿದಳು. ಮೊದಲು ದಾದಾರ ಫೇಟಾ ಮಡಚಿ ಬಿತ್ತು, ಆಮೇಲೆ ಕೈ, ಆಮೇಲೆ ಬೂಟು. "ಯಾಕವಾ, ಕೆಲಸ ಹೋತೇನ?" ಅಂದ ಸರಪಂಚ. "ಬಂದ ಇರಲಿಲ್ಲ ಕಾಕಾ. ಕ್ಯಾನು ತಿರುವ್ರಿ, ಬಂದೆ," ಅಂದು ಇಳಿದು, ಅವನ ಹಾಲನ್ನೇ ಮೊದಲು ತೆಗೆದುಕೊಂಡಳು.

ಶುಕ್ರವಾರ ಹತ್ತಕ್ಕೆ ಕಾರ್ಖಾನೆಯ ಗೇಟು. ಶಾಲನ್ ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಆದರೆ ಒಳಗೆ ಹೋಗಲಿಲ್ಲ. "ನಾ ಬಂದರ ವಶೀಲಿ. ಇಲ್ಲೇ ಕುಂದರ್ತೀನಿ," ಎಂದು ಕಾವಲುಗಾರನ ಬೆಂಚಿನ ಮೇಲೆ ಕೂತಳು. ಗೌತಮಿ ಕಂಕುಳಲ್ಲಿ ಹಾಸಿಗೆಯ ಸುರುಳಿಯಂಥದ್ದನ್ನು ಇಟ್ಟುಕೊಂಡು ಒಳಗೆ ಹೋದಳು. ಕಾವಲುಗಾರ ಕೇಳಿದ, "ಏನ್ ವೈನಿ ಅದು, ಚಾಪಿ? ಉಪವಾಸ ಕುಂದ್ರಾಕ ಬಂದಾಳೇನ?"

ಮುಂದಿನ ಎರಡೂವರೆ ತಾಸು ಆ ಬೆಂಚಿನ ಮೇಲೆ ಹೇಗೆ ಕಳೆಯಿತು ಅನ್ನುವುದು ಶಾಲನ್‌ಗೇ ಗೊತ್ತು. ಹನ್ನೊಂದು ಹುಡುಗರು ಒಬ್ಬೊಬ್ಬರಾಗಿ ಹೊರಗೆ ಬಂದರು. ಗೌತಮಿ ಬರಲಿಲ್ಲ. ಒಳಗೇನಾಯಿತು ಎಂಬುದು ಆಮೇಲೆ ತಿಳಿದದ್ದು.

ಅವಳು ನೇರ ಸಬ್ನೀಸರ ಮೇಜಿನ ಮೇಲೆ ಸುರುಳಿ ಇಟ್ಟಿದ್ದಳು. "ಸರ್, ಇದನ್ನ ಹಾಕಿದ್ದು ನಾ ಅಲ್ರಿ. ಇಳಿಸಿದ್ದು ನಾನ. ಬರಬ್ಯಾಡ ಅಂತ ನೀವು ಹೇಳಿದ್ದು ಮ್ಯಾಡಮ್ ಹೇಳ್ಯಾರ. ಎಲ್ಲಾರದೂ ಮುಗದ ಮ್ಯಾಲೆ ನಂದು ತಗೊರಿ. ಸರಿ ಬರದಿದ್ರ ಹೋಗ್ತೀನಿ."

ಸಬ್ನೀಸ್ ಸುರುಳಿ ಬಿಚ್ಚಿ ನೋಡಿದರು. ದಾದಾರ ಒಂದು ಕಿವಿ ಕಂಡಿತು. ಮತ್ತೆ ಸುತ್ತಿದರು. "ಕುಂದ್ರು ಹೊರಗ," ಅಂದರು. ಬೇಡ ಅನ್ನಲಿಲ್ಲ.

ಅವಳ ಸರದಿ ಬಂದಾಗ ಮಧ್ಯಾಹ್ನ ಹನ್ನೆರಡು. ಲ್ಯಾಬಿನ ಮುಖ್ಯಸ್ಥ ಒಂದು ಅಗಲ ತಟ್ಟೆಯಲ್ಲಿದ್ದ ಮರಳು ತೋರಿಸಿ, "ಇದರಾಗ ನೀರೆಷ್ಟು ಐತಿ, ತಗದು ಬರಿ," ಅಂದ. ಹನ್ನೊಂದು ಜನರೂ ಅದೇ ತಟ್ಟೆಯಿಂದ ತೆಗೆದು, ತೂಗಿ, ಒಣಗಿಸಿ, ಉತ್ತರ ಬರೆದು ಹೋಗಿದ್ದರು. ಗೌತಮಿ ಒಂದು ಹಿಡಿ ಹಿಸುಕಿದಳು. ಉದುರಿತು. ತಕ್ಕಡಿಯ ಕಡೆ ಹೋಗಲಿಲ್ಲ.

"ಸರ್, ಈ ಮರಳು ಯಾವಾಗ ತಗದದ್ದು?"

"ಬೆಳಿಗ್ಗೆ ಒಂಬತ್ತಕ್ಕ. ಯಾಕ?"

"ಹಂಗಾರ ಇದರಾಗ ನೀರು ಎಷ್ಟೈತಿ ಅಂತ ತಗೀಬಹುದ್ರಿ. ಆದ್ರ ಅಚ್ಚಿನ ಮರಳಿನ್ಯಾಗ ಎಷ್ಟೈತಿ ಅಂತ ಇದರಿಂದ ಗೊತ್ತಾಗಾಂಗಿಲ್ಲ. ಮೂರು ತಾಸು ಫ್ಯಾನಿನ ಕೆಳಗ ತೆರದಿಟ್ಟೀರಿ, ಆರೇತಿ. ಈ ಲೆಕ್ಕ ನಂಬಿ ನೀರು ಹಾಕಿದ್ರ ಎರಕದ ತುಂಬ ಗುಳ್ಳಿ ಏಳ್ತಾವ. ನಾ ಈ ಅಂಕಿ ಬರದು ಸಹಿ ಮಾಡಂಗಿಲ್ರಿ. ಹೊಸಾದು ತರಸ್ರಿ, ನಡುವಿಂದ ತಗದದ್ದು."

ಲ್ಯಾಬಿನವನು ಸಬ್ನೀಸರನ್ನು ನೋಡಿದ. ಸಬ್ನೀಸ್ ಕನ್ನಡಕ ತೆಗೆದು ಒರೆಸಿದರು. ಪರೀಕ್ಷೆಗೆಂದು ಬೇಕಂತಲೇ ಹಾಗೆ ಇಟ್ಟದ್ದೋ, ಲ್ಯಾಬಿನವನ ಮೈಗಳ್ಳತನವೋ, ಅದನ್ನು ಅವರು ಇವತ್ತಿಗೂ ಹೇಳಿಲ್ಲ. ಹೊಸ ಮರಳು ಬಂತು. ಅವಳು ಬರೆದ ಅಂಕಿ ಸರಿಯಿತ್ತು.

"ಇದನ್ನ ಎಲ್ಲಿ ಕಲತಿ? ಶಾಲನ್ ವೈನಿ ಕಲಿಸಿದರಾ?"

"ಮರಳು ಅವರು ಕಲಿಸಿದ್ರು. ಸ್ಯಾಂಪಲ್ ನಂಬಬಾರದು ಅನ್ನೂದು ಎಮ್ಮಿ ಕಲಿಸಿದ್ವು ಸರ್." ಹೊರಡುವಾಗ ಮೇಜಿನ ಕಡೆ ಕೈಮಾಡಿದಳು. "ಆ ಫ್ಲೆಕ್ಸು ವಾಪಸ್ ಕೊಡ್ರಿ. ಕೊಟ್ಟಿಗಿ ಸೋರತೈತಿ."

ಆರು ತಿಂಗಳ ತರಬೇತಿ, ಆಮೇಲೆ ನೋಡೋಣ ಎಂದು ಬರೆದ ಕಾಗದ ಸೋಮವಾರ ಬಂತು. ಅಧಿಕಾರಿಯೂ ಅಲ್ಲ, ಸುಕನ್ಯೆಯೂ ಅಲ್ಲ. 'ಮರಳು ಪರೀಕ್ಷಕಿ, ತರಬೇತಿಯಲ್ಲಿ.' ಬಾಳು ಸುತಾರ್ ಅದನ್ನು ನಾಲ್ಕು ಸಲ ಓದಿಸಿ, ಸಾಂಗ್ಲಿಯವರಿಗೆ ಈ ವರ್ಷ ಬೇಡ ಎಂದು ಫೋನು ಮಾಡಿದ. ಪೇಢೆ ಹಂಚಲಿಲ್ಲ. ಹಂಚಿದ್ದು ಈಗ ಸರಿಹೋಯಿತು ಅಂದ.

ಸುದ್ದಿ ತಿಳಿದು ಉದಯದಾದಾ ಶಾಲನ್‌ಗೆ ಫೋನು ಮಾಡಿದರು, ಮೊದಲು ನಕ್ಕು. "ನೋಡ್ರಿ ವೈನಿ, ಫ್ಲೆಕ್ಸು ಖರೇ ಆತಲ್ಲ! ಈಗ ಇನ್ನೊಂದು ಹಾಕೋಣ, ಇಪ್ಪತ್ತು ಅಡಿದು. ಈ ಸಲ ನಿಮ್ಮದೂ ಒಂದು ಫೋಟೋ ಕೊಡ್ರಿ, ಬಾಜೂಕ ಹಾಕಸ್ತೀನಿ."

"ಹಾಕಸ್ರಿ ದಾದಾ. ಸುತಾರರ ಕೊಟ್ಟಿಗಿ ಇನ್ನೊಂದು ಕಡಿ ಸೋರತೈತಂತ," ಅಂದಳು ಶಾಲನ್.

ದಾದಾರ ಮೊದಲ ಫ್ಲೆಕ್ಸು ಈಗ ಎರಡು ಎಮ್ಮೆ, ಒಂದು ಕರುವಿನ ಮೇಲೆ ಹರಡಿದೆ, ಮುಖ ಕೆಳಗೆ ಮಾಡಿ. ಮಳೆ ಬಂದರೆ ಅವರ ಬೆನ್ನ ಮೇಲೆ ನೀರು ನಿಲ್ಲುತ್ತದೆ, ಎಮ್ಮೆಗಳು ನೆನೆಯುವುದಿಲ್ಲ. ಇಷ್ಟು ವರ್ಷದ ಸಾರ್ವಜನಿಕ ಜೀವನದಲ್ಲಿ ಅವರಿಂದ ಯಾರಿಗಾದರೂ ನೇರವಾಗಿ ಆದ ಉಪಕಾರ ಇದೊಂದು.

ಶಾಲನ್ ಆ ವಾರ ಲ್ಯಾಬಿನ ಬೋರ್ಡಿನ ಮೇಲೆ, ತಪ್ಪು ಮಾಡಿದವರ ಹೆಸರಿನ ಪಟ್ಟಿಯಲ್ಲಿ, ತನ್ನ ಹೆಸರು ಬರೆದಳು. 'ಶಾ. ಖೋತ್: ಆರದ ಮಾಲಿಗೆ ಪಾಸು.' ಯಾವ ಮಾಲು ಎಂದು ಕೆಲಸಗಾರರು ಕೇಳಿದರು. ಹೇಳಲಿಲ್ಲ. ಸಂಘದ ಮೂವತ್ತು ಮಾರ್ಗದರ್ಶಕರ ವರದಿ ಸಮಿತಿಗೆ ಹೋಯಿತು, ಬಣ್ಣದ ಫೋಟೋ ಸಮೇತ. ಫೇಟಾ ಇಲ್ಲದ್ದರಿಂದ ಅವಳ ಫೋಟೋ ಇರಲಿಲ್ಲ. ವಿದ್ಯಾಪೀಠಕ್ಕೆ ಒಳ್ಳೆಯ ದರ್ಜೆ ಸಿಕ್ಕಿತು. ಅವಳಿಗೆ ಮುಂದಿನ ವರ್ಷದ ಐವರು ಸಿಕ್ಕರು. ಅವರ ಬಯೋಡಾಟಾದಲ್ಲೂ ಹವ್ಯಾಸ ಸಂಗೀತ.

ಈಗ ನಿಮ್ಮ ಸರದಿ. ನೀವೂ ಎಲ್ಲೋ ಓದಿದವರು. ಅಲ್ಲಿ ಇವತ್ತು ಕಡೆಯ ವರ್ಷದ ಒಬ್ಬ ಹುಡುಗಿ ತನ್ನ ಕೈಯ ವಾಸನೆ ಮುಚ್ಚಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಈ ವಾರದ ರಜೆಯ ದಿನ ಅಲ್ಲಿಗೆ ಹೋಗಿ. ಶಾಲು ತಂದರೆ ವಾಪಸು ಕಳಿಸಿ, ಮೈಕು ಕೊಟ್ಟರೆ ಮುಟ್ಟಬೇಡಿ. ಅವಳ ಎದುರು ಕೂತು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದೆ ಎಂದು ಕೇಳಿ. ಕೇಳಿ, ಅವಳು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿರಿ.